ಒಂದು ಹೆಸರು, ಹಲವು ಮನೆತನಗಳು: ‘ವರ್ಮ’ ನಾಮದಡಿಯ ಅಚ್ಚುಚಿತ್ರಗಳು ಮತ್ತು ಛಾಯಾಚಿತ್ರಗಳು

1

ವಸ್ತುಸಂಗ್ರಹಾಲಯ, ಗ್ರಂಥಭಂಡಾರ ಹಾಗೂ ಖಾಸಗಿ ಸಂಗ್ರಹಗಳ ಚಿತ್ರಸೂಚಿಗಳು ಸಾಮಾನ್ಯವಾಗಿ ಹೆಸರನ್ನು ಆಧಾರವಾಗಿಟ್ಟುಕೊಂಡು ರಚಿತವಾಗುತ್ತವೆ. ವ್ಯಕ್ತಿಯ ಹೆಸರಿನ ಕೊನೆಯ ಭಾಗವನ್ನು ಮನೆತನದ ಹೆಸರೆಂದು ತಿಳಿದು, ಅದನ್ನೇ ಮೊದಲು ಬರೆದು ಅಕಾರಾದಿಯಾಗಿ ಜೋಡಿಸುವ ಈ ಕ್ರಮವು ಯುರೋಪಿನ ಗ್ರಂಥಾಲಯಗಳಿಂದ ನಮಗೆ ಬಂದದ್ದು. ಅಲ್ಲಿ ಇದು ಬಹುಮಟ್ಟಿಗೆ ಉಪಯುಕ್ತವಾಗಿದೆ. ಭಾರತದ ಪ್ರಾಚೀನ ಕಟ್ಟಡಗಳನ್ನೂ ಭೂದೃಶ್ಯಗಳನ್ನೂ ಅಚ್ಚುಚಿತ್ರಗಳಲ್ಲಿ ಪ್ರಕಟಿಸಿದ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಚಿಕ್ಕಪ್ಪ ಮತ್ತು ಅಣ್ಣನ ಮಗ. ‘ಡೇನಿಯಲ್’ ಎಂಬ ಒಂದೇ ಶೀರ್ಷಿಕೆಯಡಿ ಅವರಿಬ್ಬರ ಕೃತಿಗಳನ್ನು ಇರಿಸಿದರೆ ರಕ್ತಸಂಬಂಧಕ್ಕೂ ವೃತ್ತಿಸಂಬಂಧಕ್ಕೂ ಚ್ಯುತಿ ಬರುವುದಿಲ್ಲ.

ಇದೇ ಕ್ರಮವನ್ನು ದಕ್ಷಿಣ ಭಾರತದ ಚಿತ್ರಸಾಮಗ್ರಿಗೆ ಅನ್ವಯಿಸಿದಾಗ ಏನಾಗುತ್ತದೆ ಎಂಬುದನ್ನು ‘ವರ್ಮ’ ಎಂಬ ಹೆಸರಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. ರವಿವರ್ಮನ (1848–1906) ಲಕ್ಷ್ಮಿ, ಸರಸ್ವತಿಯರ ಪಟಗಳು ನಮ್ಮ ದೇವರ ಕೋಣೆಗಳಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲ್ಗೋಡೆಯಲ್ಲಿ ತಲೆಮಾರುಗಳಿಂದ ಪೂಜೆಗೊಂಡಿವೆ. ಆತನ ತೈಲಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿವೆ. ಆದರೂ ಈ ಚಿತ್ರಗಳನ್ನು ಕುರಿತ ನಮ್ಮ ಬರಹಗಳಲ್ಲಿ ‘ವರ್ಮ’ ಎಂಬುದರ ಅರ್ಥವ್ಯಾಪ್ತಿಯ ವಿಚಾರ ಬಂದದ್ದು ವಿರಳ.

2

‘ವರ್ಮ’ ಎಂಬುದು ಮನೆತನದ ಹೆಸರಲ್ಲ. ಅದು ಕೇರಳದ ಕ್ಷತ್ರಿಯ ಕುಲಗಳ ಪುರುಷರು ತಮ್ಮ ಹೆಸರಿನ ಕೊನೆಗೆ ಧರಿಸುವ ಸೂಚಕಪದ. ತಿರುವಾಂಕೂರು, ಕೊಚ್ಚಿ, ಕಿಳಿಮಾನೂರು, ಮಾವೇಲಿಕ್ಕರ ಮೊದಲಾದ ಬೇರೆ ಬೇರೆ ಮನೆಗಳ ಗಂಡಸರೆಲ್ಲರೂ ವರ್ಮರೇ. ಸಾಲದುದಕ್ಕೆ ಈ ಮನೆಗಳಲ್ಲಿ ರಾಮ, ಕೇರಳ, ರವಿ ಮುಂತಾದ ಕೆಲವೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. 1860ರಿಂದ 1924ರವರೆಗೆ ತಿರುವಾಂಕೂರನ್ನು ಒಬ್ಬರ ನಂತರ ಒಬ್ಬರಂತೆ ಆಳಿದ ಮೂವರು ಮಹಾರಾಜರ ಹೆಸರೂ ರಾಮವರ್ಮ ಎಂದೇ. ಅದೇ ಅವಧಿಯಲ್ಲಿ ಕೊಚ್ಚಿಯಲ್ಲೂ ರಾಮವರ್ಮರಿದ್ದರು. ರವಿವರ್ಮನ ಮಗನೂ ಚಿತ್ರಕಾರನೂ ಆದವನು ರಾಮವರ್ಮ.

ಸ್ಥಳೀಯ ಪರಂಪರೆಯಲ್ಲಿ ಇದರಿಂದ ಗೊಂದಲವೇನೂ ಉಂಟಾಗಲಿಲ್ಲ. ರಾಜರನ್ನು ಅವರ ಜನ್ಮನಕ್ಷತ್ರದಿಂದ ಗುರುತಿಸುವ ಪದ್ಧತಿ ಅಲ್ಲಿತ್ತು. ಆಯಿಲ್ಯಂ ಎಂದರೆ ಆಶ್ಲೇಷಾ, ವಿಶಾಖಂ ಎಂದರೆ ವಿಶಾಖಾ, ಮೂಲಂ ಎಂದರೆ ಮೂಲಾ ನಕ್ಷತ್ರ. ಆಯಿಲ್ಯಂ ತಿರುನಾಳ್ ಎಂದೊಡನೆ ರವಿವರ್ಮನಿಗೆ ಮೊದಲ ಆಶ್ರಯವಿತ್ತ ದೊರೆ ಎಂಬುದು ಸ್ಪಷ್ಟವಾಗುತ್ತಿತ್ತು. ಸೂಚಿಕಾರನು ನಕ್ಷತ್ರವನ್ನು ಬಿಟ್ಟು ‘ವರ್ಮ, ರಾಮ’ ಎಂದು ಬರೆದಾಗ ಮೂವರು ದೊರೆಗಳೂ ಒಬ್ಬ ಚಿತ್ರಕಾರನೂ ಒಂದೇ ಚೀಟಿಯೊಳಗೆ ಸೇರಿಬಿಡುತ್ತಾರೆ. ಗುರುತಿಸಲು ಇದ್ದ ಪದವೇ ಕಳಚಿಹೋಗಿ, ಗುರುತಿಸಲಾಗದ ಪದ ಶೀರ್ಷಿಕೆಯಾಗಿ ಉಳಿಯುತ್ತದೆ.

3

ಇದಕ್ಕಿಂತ ಗಂಭೀರವಾದ ತೊಡಕು ಮನೆತನದ ಸ್ವರೂಪದಲ್ಲಿಯೇ ಇದೆ. ಈ ಕುಲಗಳಲ್ಲಿದ್ದುದು ಮರುಮಕ್ಕತ್ತಾಯಂ, ಅಂದರೆ ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಪದ್ಧತಿ. ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರವಿವರ್ಮನ ತಂದೆ ಭಟ್ಟತಿರಿಪ್ಪಾಡ್ ಬ್ರಾಹ್ಮಣ. ಮಗನು ಸೇರಿದ್ದು ತಾಯಿಯ ಮನೆಯಾದ ಕಿಳಿಮಾನೂರಿಗೆ. ಆತನಿಗೆ ಚಿತ್ರಕಲೆಯ ಮೊದಲ ಪಾಠ ಹೇಳಿದವನು ಸೋದರಮಾವ ರಾಜರಾಜವರ್ಮ. ರವಿವರ್ಮನ ಮಡದಿ ಭಾಗೀರಥಿ ಮಾವೇಲಿಕ್ಕರದವಳಾದ್ದರಿಂದ ಮಗ ರಾಮವರ್ಮ ಮಾವೇಲಿಕ್ಕರದವನಾದನು. ತಂದೆ ಮಕ್ಕಳಿಬ್ಬರ ಹೆಸರಿನ ಕೊನೆಗೂ ‘ವರ್ಮ’ ಇದೆ, ಆದರೆ ಅವರು ಒಂದೇ ಮನೆಯವರಲ್ಲ. ಹೆಸರು ಸೂಚಿಸುವ ಸಂಬಂಧ ಒಂದು, ಇರುವ ಸಂಬಂಧ ಇನ್ನೊಂದು.

ಈ ಹಿನ್ನೆಲೆಯಲ್ಲಿ ‘ಅದೋ ಬರುತ್ತಾರೆ ಅಪ್ಪ’ ಎಂಬರ್ಥದ ಶೀರ್ಷಿಕೆಯುಳ್ಳ, 1893ರ ಷಿಕಾಗೋ ಪ್ರದರ್ಶನಕ್ಕೆ ಹೋದ ಚಿತ್ರವನ್ನು ಗಮನಿಸಬಹುದು. ಮಗುವನ್ನು ಎತ್ತಿಕೊಂಡು ನಿಂತಿರುವ ಸ್ತ್ರೀಗೆ ರೂಪದರ್ಶಿಯಾದವಳು ರವಿವರ್ಮನ ಮಗಳು ಮಹಾಪ್ರಭಾ. ಚಿತ್ರದಲ್ಲಿ ತಂದೆ ಕಾಣುವುದಿಲ್ಲ. ತಾಯಿಯೂ ಮಗುವೂ ಅವನ ಬರವನ್ನು ಎದುರುನೋಡುತ್ತಿದ್ದಾರೆ. ತಂದೆಯೇ ಕೇಂದ್ರವಾದ ಕುಟುಂಬದ ಈ ಕಲ್ಪನೆಯನ್ನು ಬರೆದವನು ಅಂಥ ಕುಟುಂಬದಲ್ಲಿ ಹುಟ್ಟಿದವನಲ್ಲ. ಮಾತೃಮೂಲ ಪದ್ಧತಿಯು ವಿಕ್ಟೋರಿಯನ್ ನೀತಿಯ ಕಣ್ಣಿಗೆ ಅಸಹಜವಾಗಿ ಕಾಣತೊಡಗಿದ್ದ ಕಾಲವದು. ‘ವರ್ಮ’ ಎಂಬುದನ್ನು ತಂದೆಯಿಂದ ಬಂದ ಹೆಸರೆಂದು ಓದಿದವರಿಗೆ ಈ ಚಿತ್ರದೊಳಗಿನ ಒತ್ತಡ ಗೋಚರಿಸುವುದೇ ಇಲ್ಲ.

‘ವರ್ಮ’ ಪುರುಷರಿಗೆ ಮಾತ್ರ ಸಲ್ಲುವ ಪದವಾದ್ದರಿಂದ ಆ ಶೀರ್ಷಿಕೆಯಡಿ ಹೆಂಗಸರಿಗೆ ಸ್ಥಾನವೇ ಇರುವುದಿಲ್ಲ ಎಂಬುದು ಇನ್ನೊಂದು ಸಂಗತಿ. ರವಿವರ್ಮನ ತಂಗಿ ಮಂಗಳಾಬಾಯಿ ಸ್ವತಃ ಚಿತ್ರಕಾರ್ತಿ. ಅಣ್ಣನ ಭಾವಚಿತ್ರವನ್ನು ಬರೆದವಳು. ಹೆಸರಿನ ಆಧಾರದ ಮೇಲೆ ಕೂಡಿಸಿದ ಸಂಪುಟದಲ್ಲಿ ದೂರದ ಕೊಚ್ಚಿಯ ದೊರೆಯ ಛಾಯಾಚಿತ್ರ ಸೇರಬಹುದು, ಒಂದೇ ಮನೆಯಲ್ಲಿ ಬೆಳೆದ ಆಕೆ ಸೇರಲಾರಳು.

ಮುಂದಿನ ತಲೆಮಾರುಗಳ ಛಾಯಾಚಿತ್ರಗಳಲ್ಲಿ ಈ ವಿಪರ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ರವಿವರ್ಮನ ಇಬ್ಬರು ಮೊಮ್ಮಕ್ಕಳಾದ ಸೇತುಲಕ್ಷ್ಮೀಬಾಯಿ ಮತ್ತು ಸೇತುಪಾರ್ವತೀಬಾಯಿಯವರು 1900ರಲ್ಲಿ ತಿರುವಾಂಕೂರಿನ ಅರಸುಮನೆಗೆ ದತ್ತು ಹೋದರು. ಮೊದಲನೆಯವರು 1924ರಿಂದ 1931ರವರೆಗೆ ರಾಜ್ಯವನ್ನು ಆಳಿ, ಬದುಕಿನ ಕೊನೆಯ ದಶಕಗಳನ್ನು ಬೆಂಗಳೂರಿನಲ್ಲಿ ಕಳೆದು 1985ರಲ್ಲಿ ಇಲ್ಲಿಯೇ ತೀರಿಕೊಂಡರು. ಎರಡನೆಯವರ ಮಗ, 1936ರಲ್ಲಿ ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿದ ಶ್ರೀಚಿತ್ತಿರ ತಿರುನಾಳ್ ಬಲರಾಮವರ್ಮ. ರವಿವರ್ಮನಿಗೂ ಬಲರಾಮವರ್ಮರಿಗೂ ರಕ್ತಸಂಬಂಧವಿರುವುದು ನಿಜ. ಆದರೆ ಆ ಸಂಬಂಧದ ಕೊಂಡಿಗಳು ಒಬ್ಬ ಮಗಳು ಮತ್ತು ಒಬ್ಬ ಮೊಮ್ಮಗಳು; ಅವರಿಬ್ಬರ ಹೆಸರಿನಲ್ಲೂ ‘ವರ್ಮ’ ಇಲ್ಲ. ಹೆಸರು ಎರಡು ತುದಿಗಳನ್ನು ಮಾತ್ರ ತೋರಿಸುತ್ತದೆ, ನಡುವಿನ ದಾರಿಯನ್ನು ಮುಚ್ಚುತ್ತದೆ.

4

ಅಚ್ಚುಚಿತ್ರಗಳ ವಿಷಯದಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಅಲ್ಲಿ ‘ರವಿವರ್ಮ’ ಎಂಬುದು ವ್ಯಕ್ತಿಯ ಹೆಸರಾಗಿ ಆರಂಭವಾಗಿ ವ್ಯಾಪಾರಮುದ್ರೆಯಾಗಿ ಮುಂದುವರಿಯಿತು. ಚಿತ್ರಗಳನ್ನು ಯುರೋಪಿಗೆ ಕಳುಹಿಸಿ ವರ್ಣಮುದ್ರಣ ಮಾಡಿಸುವ ಸಲಹೆಯನ್ನು ದಿವಾನ್ ಸರ್ ಟಿ. ಮಾಧವರಾಯರು ಮೊದಲೇ ನೀಡಿದ್ದರು. 1894ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಸ್ವಂತ ಮುದ್ರಣಾಲಯವೇ ಆರಂಭವಾಯಿತು. ಯಂತ್ರಗಳೂ ನುರಿತ ಕೆಲಸಗಾರರೂ ಜರ್ಮನಿಯಿಂದ ಬಂದರು. ಶಕುಂತಲೆಯ ಜನನವು ಅಲ್ಲಿ ಅಚ್ಚಾದ ಮೊದಲ ಚಿತ್ರ. ಮುಂಬಯಿಯಲ್ಲಿ ಪ್ಲೇಗು ಹಬ್ಬಿದ ನಂತರ, 1899ರಲ್ಲಿ, ಮುದ್ರಣಾಲಯವು ಲೋಣಾವಳದ ಬಳಿಯ ಮಳವಳಿಗೆ ಸ್ಥಳಾಂತರಗೊಂಡಿತು. ಸಾಲದ ಹೊರೆ ಹೆಚ್ಚಿದುದರಿಂದ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನಿಗೆ ಮಾರಾಟವಾಯಿತು. ಚಿತ್ರಗಳ ಜೊತೆಗೆ ಹೆಸರೂ ಕೈಬದಲಾಯಿತು.

ಇದರ ಪರಿಣಾಮ ಗಮನಾರ್ಹ. ರವಿವರ್ಮನು ತೀರಿಕೊಂಡ ಮೇಲೂ ದಶಕಗಳ ಕಾಲ ರವಿವರ್ಮ ಪ್ರೆಸ್ಸಿನ ಮುದ್ರೆ ಹೊತ್ತ ಪಟಗಳು ಮಾರುಕಟ್ಟೆಗೆ ಬಂದವು. ಎಂ. ವಿ. ಧುರಂಧರರಂಥ ಬೇರೆ ಕಲಾವಿದರ ಚಿತ್ರಗಳೂ ಅಲ್ಲಿ ಅಚ್ಚಾದವು. ಗ್ರಾಹಕರ ಪಾಲಿಗೆ ಅವೆಲ್ಲವೂ ‘ರವಿವರ್ಮನ ಪಟ’ಗಳೇ. ನಮ್ಮ ಮನೆಗಳ ಅನೇಕ ಪಟಗಳು ಈ ವರ್ಗಕ್ಕೆ ಸೇರುತ್ತವೆ. ಅವುಗಳನ್ನು ನಕಲು ಎಂದು ಕಡೆಗಣಿಸುವುದು ಸರಿಯಲ್ಲ. ರವಿವರ್ಮನ ಕುಂಚದ ಲಕ್ಷಣಗಳನ್ನು ಅವುಗಳಲ್ಲಿ ಹುಡುಕಿ ಹೊಗಳುವುದೂ ವಿಮರ್ಶೆಯಲ್ಲ.

ಮೂಲಚಿತ್ರಗಳಲ್ಲಿಯೂ ಕೈ ಒಂದೇ ಆಗಿರಲಿಲ್ಲ. ತಮ್ಮ ಸಿ. ರಾಜರಾಜವರ್ಮ (1860–1905) ಅಣ್ಣನ ಜೊತೆಗಾರನಾಗಿ ದೇಶವನ್ನು ಸುತ್ತಿದನು, ವ್ಯವಹಾರವನ್ನು ನೋಡಿಕೊಂಡನು, ಹಲವು ಚಿತ್ರಗಳ ಹಿನ್ನೆಲೆಯ ಭೂದೃಶ್ಯಗಳನ್ನು ಬರೆದನು. ಆತನು ಇಂಗ್ಲಿಷಿನಲ್ಲಿ ಬರೆದಿಟ್ಟ ದಿನಚರಿ 2005ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಮೇಲೆ ಈ ಸಹಕಾರ್ಯದ ವಿವರಗಳು ವಿದ್ವಾಂಸರಿಗೆ ಸುಲಭವಾಗಿ ದೊರೆತವು. ಅಣ್ಣನ ಖ್ಯಾತಿಯಲ್ಲಿ ತಮ್ಮನು ಮರೆಯಾದದ್ದಕ್ಕೆ ಇಬ್ಬರದೂ ‘ವರ್ಮ’ ಎಂಬ ಹೆಸರೇ ಆದದ್ದೂ ಒಂದು ಕಾರಣವಿರಬೇಕು.

5

ಅಚ್ಚುಚಿತ್ರ ಮತ್ತು ಛಾಯಾಚಿತ್ರಗಳನ್ನು ನಾವು ಎರಡು ಪ್ರತ್ಯೇಕ ಪ್ರಕಾರಗಳೆಂದು ಎಣಿಸುತ್ತೇವೆ. ಈ ಮುದ್ರಣಾಲಯದ ಚರಿತ್ರೆಯಲ್ಲಿ ಅವು ಅಷ್ಟು ದೂರವಿರಲಿಲ್ಲ. ವರ್ಣದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಚಿತ್ರವನ್ನು ಬಣ್ಣಗಳಾಗಿ ಬಿಡಿಸಿ, ಕಲ್ಲಿನ ಮೇಲೆ ಎಡಬಲ ತಿರುಗಿಸಿ, ಚುಕ್ಕಿ ಚುಕ್ಕಿಯಾಗಿ ಮೂಡಿಸುವವನು ಮುದ್ರಣಾಲಯದ ಕುಶಲಕರ್ಮಿ. ದೇವಿಯ ಕೆನ್ನೆಯ ಹೊಳಪು, ಸೀರೆಯ ಅಂಚಿನ ಕೆಂಪು ಇವೆಲ್ಲ ಅಂತಿಮವಾಗಿ ಅವನ ತೀರ್ಮಾನ. ಕಲ್ಲಿಗೆ ಚಿತ್ರವನ್ನು ಸಾಗಿಸುವಲ್ಲಿ ಛಾಯಾಚಿತ್ರವೂ ಸೇವೆ ಸಲ್ಲಿಸಿತು. ಮುಂದೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಲನಚಿತ್ರವನ್ನು ನಿರ್ಮಿಸಿದ ದಾದಾಸಾಹೇಬ್ ಫಾಲ್ಕೆಯವರು ಅದಕ್ಕೆ ಮೊದಲು ಇದೇ ಮುದ್ರಣಾಲಯಕ್ಕಾಗಿ ಛಾಯಾಮುದ್ರಣದ ಕೆಲಸ ಮಾಡಿದ್ದರು. ಪುರಾಣದ ದೃಶ್ಯವು ಕುಂಚದಿಂದ ಕಲ್ಲಿಗೆ, ಕಲ್ಲಿನಿಂದ ತೆರೆಗೆ ನಡೆದ ಹಾದಿಯನ್ನು ಇದು ಸೂಚಿಸುತ್ತದೆ.

ಪಟ ಮನೆಗೆ ಬಂದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ದೇವಿಯ ಸೀರೆಗೆ ಬಟ್ಟೆಯನ್ನೇ ಅಂಟಿಸಿ, ಜರಿ, ಮಿಂಚು, ಮಣಿಗಳಿಂದ ಅಲಂಕರಿಸಿದ ಪಟಗಳು ಇಂದಿಗೂ ದೊರೆಯುತ್ತವೆ. ಆ ಕೈಗಳ ಹೆಸರು ಯಾವ ಚೀಟಿಯಲ್ಲಿಯೂ ಇಲ್ಲ. 1972ರಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿದ್ದು ಅಪಾರ ಸಾಮಗ್ರಿ ನಾಶವಾದ ಮೇಲಂತೂ ಮನೆಮನೆಗಳಲ್ಲಿ ಉಳಿದಿರುವ ಪಟಗಳೇ ಈ ಚರಿತ್ರೆಯ ಮುಖ್ಯ ಆಕರಗಳಾಗಿವೆ.

6

ಮೇಲಿನ ವಿವೇಚನೆಯಿಂದ ಹೊರಡುವ ಸೂಚನೆ ಇಷ್ಟು. ಒಂದೇ ಹೆಸರಿನಡಿ ಕೂಡಿಬಂದ ಚಿತ್ರಗಳನ್ನು ಎದುರಿಸುವಾಗ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ಇದು ಯಾವ ಮನೆಯದು? ಯಾರ ಕೈಯದು? ಯಾವ ಅಚ್ಚುಕೂಟದ್ದು? ಮೊದಲನೆಯ ಪ್ರಶ್ನೆಗೆ ತಾಯಿಯ ಮನೆ, ನಕ್ಷತ್ರನಾಮ, ದತ್ತುಸಂಬಂಧಗಳನ್ನು ದಾಖಲಿಸಬೇಕು. ಎರಡನೆಯದಕ್ಕೆ ಸಹಚಿತ್ರಕಾರನನ್ನೂ ಕಲ್ಲಿನ ಮೇಲೆ ಚಿತ್ರ ಮೂಡಿಸಿದವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೂರನೆಯದಕ್ಕೆ ಪಟದ ಕೆಳಅಂಚಿನ ಅಕ್ಷರಗಳು ಆಧಾರ. ಚೌಕಟ್ಟು ಹಾಕುವಾಗ ಆ ಅಂಚನ್ನು ಕತ್ತರಿಸಿಬಿಟ್ಟರೆ ಪಟದ ಊರು, ಕಾಲ ಎರಡಕ್ಕೂ ಇರುವ ಪ್ರಮುಖ ಸಾಕ್ಷ್ಯ ಹೋದಂತೆ.

ಈ ಎಚ್ಚರ ಕೇರಳದ ಸಾಮಗ್ರಿಗೆ ಮಾತ್ರ ಸೀಮಿತವಲ್ಲ. ತುಳುನಾಡಿನ ಗುತ್ತು, ಬೀಡುಗಳ ಹಳೆಯ ಛಾಯಾಚಿತ್ರಗಳನ್ನು ಶೆಟ್ಟಿ, ರೈ, ಆಳ್ವ ಎಂಬ ಉಪನಾಮಗಳಡಿ ವರ್ಗೀಕರಿಸಿದರೆ ಇದೇ ತಪ್ಪು ಮರುಕಳಿಸುತ್ತದೆ. ಅಲ್ಲಿ ಕೇಳಬೇಕಾದದ್ದು ತಾಯಿಯಿಂದ ಬಂದ ಬಳಿ ಯಾವುದೆಂದು. ನಮ್ಮ ಚಿತ್ರಸಂಗ್ರಹಗಳ ಸೂಚೀಕರಣ ಈಗ ಗಣಕಯಂತ್ರದ ಮೂಲಕ ವೇಗವಾಗಿ ನಡೆಯುತ್ತಿದೆ. ಚೀಟಿಯ ಮೇಲಿನ ತಪ್ಪನ್ನು ಒಬ್ಬ ಗ್ರಂಥಪಾಲಕ ತಿದ್ದಬಹುದಿತ್ತು; ಗಣಕದ ಪಟ್ಟಿಯಲ್ಲಿ ಸೇರಿದ ತಪ್ಪು ನೂರು ಕಡೆಗೆ ಪ್ರತಿಯಾಗುತ್ತದೆ. ಆದ್ದರಿಂದ ಹೆಸರನ್ನು ಹುಡುಕಾಟದ ಆರಂಭವೆಂದು ಭಾವಿಸುವುದು ಲೇಸು, ಉತ್ತರವೆಂದಲ್ಲ. ಹಾಗೆ ಮಾಡಿದಲ್ಲಿ ಮಂಗಳಾಬಾಯಿಯಂಥ ಚಿತ್ರಕಾರ್ತಿಯೂ ಹೆಸರಿಲ್ಲದ ಕಲ್ಲಚ್ಚಿನ ಕರ್ಮಿಯೂ ನಮ್ಮ ಕಲಾಚರಿತ್ರೆಯಲ್ಲಿ ತಮಗೆ ಸಲ್ಲಬೇಕಾದ ಸ್ಥಾನವನ್ನು ಪಡೆದಾರು.