ಆಫ್ ಮಾಡಿ ಆನ್ ಮಾಡುವ ರಿಪೇರಿ

ಹತ್ತು ಜನ ಹಂಚಿಕೊಂಡ ಪ್ರಿಂಟರ್ ಕೈಕೊಟ್ಟಾಗ ನಮ್ಮ ಕಚೇರಿಗಳಲ್ಲೂ ಮನೆಗಳಲ್ಲೂ ನಡೆಯುವ ರಿಪೇರಿಗೆ ಒಂದು ಕ್ರಮ ಬೆಳೆದುಬಿಟ್ಟಿದೆ. ಮೊದಲು ಪ್ರಿಂಟರ್ ಆಫ್ ಮಾಡಿ ಆನ್ ಮಾಡುವುದು, ಆಗಲಿಲ್ಲವೆಂದರೆ ಕಂಪ್ಯೂಟರ್, ಆಮೇಲೆ ರೂಟರ್. ಅದಕ್ಕೂ ಬಗ್ಗದಿದ್ದರೆ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸುವುದು, ಡ್ರೈವರ್ ಹೊಸದಾಗಿ ಹಾಕುವುದು, ಫೈರ್‌ವಾಲ್ ಪೂರ್ತಿ ನಿಲ್ಲಿಸುವುದು, ಕೊನೆಗೆ ಯಾವುದೋ ವಿಡಿಯೊ ನೋಡಿಕೊಂಡು ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸುವುದು. ಇಷ್ಟರೊಳಗೆ ಎಲ್ಲೋ ಒಂದು ಹಂತದಲ್ಲಿ ಪ್ರಿಂಟ್ ಬರುತ್ತದೆ. ಬಂದ ಕೂಡಲೇ ಎಲ್ಲರೂ ತಮ್ಮ ತಮ್ಮ ಕುರ್ಚಿಗೆ ಮರಳುತ್ತಾರೆ. ಯಾವುದರಿಂದ ಸರಿಹೋಯಿತೆಂದು ಯಾರಿಗೂ ಗೊತ್ತಿಲ್ಲ. ಹಾಗಾಗಿ ಮುಂದಿನ ಸಲ ಇಡೀ ಕ್ರಮ ಮತ್ತೆ ಮೊದಲಿನಿಂದ ಶುರು. ಈ ಪದ್ಧತಿಯಿಂದ ಹೊತ್ತು ಹಾಳಾಗುತ್ತದೆ ಎನ್ನುವುದು ಚಿಕ್ಕ ದೂರು. ದೋಷ ಎಲ್ಲಿದೆ ಎಂಬ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ, ಉತ್ತರ ಹೇಳಬಹುದಾಗಿದ್ದ ಗುರುತುಗಳನ್ನೂ ತಾನೇ ಅಳಿಸಿಹಾಕುತ್ತದೆ ಎನ್ನುವುದು ನನ್ನ ನಿಜವಾದ ತಕರಾರು.

ಪ್ರಿಂಟ್ ಕೊಟ್ಟದ್ದು ಹಾಳೆಯಾಗಿ ಕೈಗೆ ಬರುವ ಮುಂಚೆ ಎಷ್ಟು ದೂರ ಸಾಗುತ್ತದೆಂದು ನೋಡಿದರೆ ಈ ಮಾತು ಅರ್ಥವಾದೀತು. ನಮ್ಮಲ್ಲಿ ಡಿಟಿಪಿ ಅಂಗಡಿಗಳಿಂದ ಹಿಡಿದು ಚಿಕ್ಕ ಕಚೇರಿಗಳವರೆಗೆ ಬಹಳ ಕಡೆ ಕಾಣುವುದು ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020ರಂಥ ಪ್ರಿಂಟರ್‌ಗಳು. ಇವುಗಳಿಗೆ ಯುಎಸ್‌ಬಿ ಬಿಟ್ಟರೆ ಬೇರೆ ಬಾಗಿಲಿಲ್ಲ. ನೆಟ್‌ವರ್ಕ್ ಎಂಬುದು ಅವುಗಳಿಗೆ ತಿಳಿಯದ ವಿಷಯ. ಒಂದು ಸಿಸ್ಟಂಗೆ ಕೇಬಲ್ ಜೋಡಿಸಿ, ಆ ಸಿಸ್ಟಂನಿಂದ ಉಳಿದವರಿಗೆ ಶೇರ್ ಮಾಡಿರುತ್ತಾರೆ. ಆಚೆ ಟೇಬಲಿನವರು ಪ್ರಿಂಟ್ ಕೊಟ್ಟಾಗ ಅವರ ಕಂಪ್ಯೂಟರಿನ ಡ್ರೈವರ್, ಪ್ರಿಂಟ್ ಕೆಲಸಗಳನ್ನು ಸಾಲಾಗಿಟ್ಟು ಕಳಿಸುವ ಅಲ್ಲಿನ ಸ್ಪೂಲರ್, ನಡುವಿನ ವೈಫೈ ಅಥವಾ ಕೇಬಲ್, ಪ್ರಿಂಟರ್ ಇರುವ ಸಿಸ್ಟಂನ ಅನುಮತಿ, ಅಲ್ಲಿನ ಸ್ಪೂಲರ್, ಕೊನೆಗೆ ಯುಎಸ್‌ಬಿ, ಇಷ್ಟೂ ಸರಿಯಿರಬೇಕು. ಪ್ರಿಂಟರ್ ಇರುವ ಸಿಸ್ಟಂ ಸ್ಲೀಪ್‌ಗೆ ಹೋದರೂ ಸಾಕು, ಎಲ್ಲರಿಗೂ ಪ್ರಿಂಟರ್ ಇಲ್ಲವಾಗುತ್ತದೆ. ಹೊಸ ವೈಫೈಗೆ ಸೇರಿಸುವಾಗ ಅದನ್ನು ‘ಪಬ್ಲಿಕ್’ ಎಂದು ಆರಿಸಿದ್ದರೆ ಶೇರಿಂಗ್ ಮುಚ್ಚಿಕೊಳ್ಳುತ್ತದೆ. ಮನೆಯಲ್ಲಿ ಒಬ್ಬರ ಲ್ಯಾಪ್‌ಟಾಪ್ ಅತಿಥಿಗಳಿಗೆಂದು ಇಟ್ಟ ವೈಫೈನಲ್ಲಿದ್ದರೆ, ರೂಟರ್ ಸಾಮಾನ್ಯವಾಗಿ ಅವರನ್ನು ಪ್ರಿಂಟರ್ ಹತ್ತಿರ ಸುಳಿಯಗೊಡುವುದೇ ಇಲ್ಲ. ಇಷ್ಟು ಬೇರೆಬೇರೆ ಕಾರಣಗಳಿಗೆ ಪರದೆಯ ಮೇಲೆ ಹೆಚ್ಚಾಗಿ ಕಾಣುವುದು ‘ಆಫ್‌ಲೈನ್’ ಎಂಬ ಒಂದೇ ಪದ. ಆ ಪದವನ್ನು ನಂಬಿ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದರೆ, ಅಷ್ಟುದ್ದದ ದಾರಿಯಲ್ಲಿ ಕೊನೆಯ ಮೆಟ್ಟಿಲನ್ನಷ್ಟೇ ಒರೆಸಿದಂತೆ. ಪ್ರಿಂಟರ್ ಇರುವ ಸಿಸ್ಟಂನಿಂದಲೇ ಒಂದು ಟೆಸ್ಟ್ ಪೇಜ್ ತೆಗೆದು ನೋಡಿದರೆ ಅರ್ಧ ದಾರಿಯ ವಿಚಾರ ಒಂದೇ ನಿಮಿಷದಲ್ಲಿ ಮುಗಿಯುತ್ತದೆ: ಬಂದರೆ ದೋಷ ಆ ಸಿಸ್ಟಂವರೆಗಿನ ದಾರಿಯಲ್ಲಿ, ಬರದಿದ್ದರೆ ಆ ಸಿಸ್ಟಂನಿಂದ ಪ್ರಿಂಟರಿನವರೆಗೆ. ಇಷ್ಟು ಸರಳವಾದ ಪರೀಕ್ಷೆಯನ್ನು ಡ್ರೈವರ್ ತೆಗೆದುಹಾಕಿದ ಮೇಲೂ ಯಾರೂ ಮಾಡಿರುವುದಿಲ್ಲ.

ನೇರವಾಗಿ ನೆಟ್‌ವರ್ಕಿಗೆ ಸೇರುವ ಪ್ರಿಂಟರ್‌ಗಳಲ್ಲಿ ಈ ಪದ್ಧತಿಯ ಕೊರತೆ ಇನ್ನೂ ಸ್ಪಷ್ಟ. ಮನೆಯ ರೂಟರ್ ತನ್ನಲ್ಲಿಗೆ ಬಂದ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ, ಆದರೆ ಅದು ಬಾಡಿಗೆಗೆ ಕೊಟ್ಟ ವಿಳಾಸ. ಪ್ರಿಂಟರ್ ಸೇರಿಸಿದ ದಿನ ಅದಕ್ಕೆ 192.168.1.5 ಸಿಕ್ಕಿತ್ತು ಎಂದುಕೊಳ್ಳಿ. ಕಂಪ್ಯೂಟರ್ ತನ್ನ ಪೋರ್ಟಿನಲ್ಲಿ ಅದನ್ನೇ ಬರೆದಿಟ್ಟುಕೊಂಡಿರುತ್ತದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬರುತ್ತದೆ. ರೂಟರ್ ಮತ್ತೆ ಎದ್ದಾಗ ಯಾರದೋ ಮೊಬೈಲ್ ಮೊದಲು ಬಂದು 5ನ್ನು ತೆಗೆದುಕೊಳ್ಳುತ್ತದೆ, ತಡವಾಗಿ ಬಂದ ಪ್ರಿಂಟರಿಗೆ 8 ಸಿಗುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ಮನೆಗೇ ಕಾಗದ ಹಾಕುತ್ತಿರುತ್ತದೆ. ಈಗ ಯಾರಾದರೂ ಪ್ರಿಂಟರನ್ನು ಪಟ್ಟಿಯಿಂದ ಕಿತ್ತು ಮತ್ತೆ ಸೇರಿಸಿದರೆ ಖಂಡಿತ ಸರಿಹೋಗುತ್ತದೆ, ಏಕೆಂದರೆ ಸೇರಿಸುವಾಗ ಕಂಪ್ಯೂಟರ್ ಹೊಸ ವಿಳಾಸ ಹುಡುಕಿಕೊಳ್ಳುತ್ತದೆ. ನೋಡಿದವರು ಡ್ರೈವರ್ ಕೆಟ್ಟಿತ್ತೆಂದು ತಿಳಿಯುತ್ತಾರೆ. ಡ್ರೈವರಿಗೆ ಏನೂ ಆಗಿರಲಿಲ್ಲ. ಇನ್ನೊಂದು ದಿನ ಕರೆಂಟ್ ಹೋದಾಗ ಅದೇ ತೊಂದರೆ ಮರುಕಳಿಸುತ್ತದೆ, ‘ಈ ಪ್ರಿಂಟರೇ ಸರಿಯಿಲ್ಲ’ ಎಂಬ ಹೆಸರೂ ಅದಕ್ಕೆ ಅಂಟಿಕೊಳ್ಳುತ್ತದೆ. ಪ್ರಿಂಟರ್ ತಾನೇ ಅಚ್ಚುಹಾಕಿ ಕೊಡುವ ಸೆಟ್ಟಿಂಗ್ಸ್ ಹಾಳೆಯಲ್ಲಿ ಈಗಿನ ವಿಳಾಸ ಇರುತ್ತದೆ. ಅದನ್ನು ಕಂಪ್ಯೂಟರಿನ ಪೋರ್ಟಿನಲ್ಲಿರುವ ವಿಳಾಸದ ಪಕ್ಕದಲ್ಲಿಟ್ಟು ನೋಡಿದರೆ ಕಾರಣ ಬರಿಗಣ್ಣಿಗೆ ಕಾಣುತ್ತದೆ. ಆ ಹಾಳೆಯಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ಪ್ರಿಂಟರಿಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ, ಆಗ ಕಂಪ್ಯೂಟರ್ ಮುಟ್ಟುವುದೇ ದಂಡ. ರೂಟರಿನಲ್ಲಿ ಆ ಪ್ರಿಂಟರಿಗೆಂದು ಒಂದು ವಿಳಾಸ ಕಾಯ್ದಿರಿಸಿ, ಕಂಪ್ಯೂಟರಿನ ಪೋರ್ಟಿನಲ್ಲೂ ಅದನ್ನೇ ಬರೆದರೆ, ಕರೆಂಟ್ ಹೋಗಿ ಬಂದಾಗ ವಿಳಾಸ ಬದಲಾಗುವ ಈ ಕಾಟ ತಪ್ಪುತ್ತದೆ.

ಇಲ್ಲಿಯವರೆಗಿನದು ಸಮಯದ ನಷ್ಟ. ರಿಜಿಸ್ಟ್ರಿಯ ಅಂಕಿ ಬದಲಿಸುವ ಪರಿಹಾರದಲ್ಲಿ ಅಪಾಯವೇ ಇದೆ. 2021ರ ಜೂನ್ ಕೊನೆಯಲ್ಲಿ ವಿಂಡೋಸ್‌ನ ಪ್ರಿಂಟ್ ಸ್ಪೂಲರಿನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂದು ಹೆಸರಾದ ಬಿರುಕು ಬೆಳಕಿಗೆ ಬಂತು. ನೆಟ್‌ವರ್ಕಿನಲ್ಲಿ ಸಾಮಾನ್ಯ ಖಾತೆಯೊಂದಿದ್ದವರು ಅದರ ಮೂಲಕ ಇನ್ನೊಂದು ಕಂಪ್ಯೂಟರಿನ ಪೂರ್ಣ ಹಿಡಿತ ಪಡೆಯಬಹುದಾಗಿತ್ತು. ಮೈಕ್ರೋಸಾಫ್ಟ್ ತಿಂಗಳ ಸರದಿಗೆ ಕಾಯದೆ ಜುಲೈ ಮೊದಲ ವಾರದಲ್ಲೇ ತುರ್ತು ಅಪ್‌ಡೇಟ್ ಕೊಟ್ಟಿತು; ಆಗಸ್ಟಿನಲ್ಲಿ, ಶೇರ್ ಆದ ಪ್ರಿಂಟರಿನ ಡ್ರೈವರ್ ಹಾಕಿಕೊಳ್ಳಲು ಅಡ್ಮಿನ್ ಅನುಮತಿ ಕಡ್ಡಾಯ ಮಾಡಿತು. ಸ್ಪೂಲರಿನ ಬೇರೊಂದು ದೋಷಕ್ಕಾಗಿ ಅದೇ ವರ್ಷದ ಜನವರಿಯಲ್ಲಿ ತಂದಿದ್ದ ರಕ್ಷಣೆಯನ್ನು ಸೆಪ್ಟೆಂಬರಿನಲ್ಲಿ ಎಲ್ಲ ಕಡೆ ಜಾರಿಮಾಡಿತು: ಎರಡು ಕಂಪ್ಯೂಟರ್‌ಗಳ ಸ್ಪೂಲರ್‌ಗಳು ಮಾತಾಡುವಾಗ ಆ ಮಾತು ಗೂಢಲಿಪಿಯಲ್ಲಿರಬೇಕು ಎಂಬುದು ಅದರ ಹುರುಳು. ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗಿರದಿದ್ದ ಎಷ್ಟೋ ಕಚೇರಿಗಳಲ್ಲಿ ಮರುದಿನವೇ 11ಬಿ ಎಂದು ಕೊನೆಯಾಗುವ ದೋಷಸಂಖ್ಯೆ ಕಾಣಿಸಿಕೊಂಡಿತು. ಆಗ ಎಲ್ಲೆಡೆ ಹಬ್ಬಿದ ಪರಿಹಾರ ಎರಡು ಬಗೆಯದು: ಆ ಅಪ್‌ಡೇಟನ್ನೇ ತೆಗೆದುಹಾಕಿ, ಇಲ್ಲವೇ ರಿಜಿಸ್ಟ್ರಿಯಲ್ಲಿ ಆ ರಕ್ಷಣೆಯ ಮೌಲ್ಯವನ್ನು ಸೊನ್ನೆ ಮಾಡಿ. ಸೊನ್ನೆ ಮಾಡಿದರೆ ಪ್ರಿಂಟ್ ಬರುತ್ತದೆ, ನಿಜ. ರಕ್ಷಣೆ ಹೋಗಿರುವುದು ಮಾತ್ರ ಎಲ್ಲೂ ಕಾಣುವುದಿಲ್ಲ. ಆ ಸೊನ್ನೆಯನ್ನು ಮತ್ತೆ ಒಂದು ಮಾಡಲು ಯಾರೂ ಬರುವುದಿಲ್ಲ, ಯಾರೋ ಬದಲಿಸಿದ್ದರೆಂದು ಬರೆದಿಡುವವರೂ ಇಲ್ಲ. ಎರಡೂ ಕಡೆ ಅಪ್‌ಡೇಟ್ ಮುಗಿಸಿ, ಸರಿಯಾದ ಡ್ರೈವರನ್ನು ಅಡ್ಮಿನ್ ಆಗಿ ಹಾಕುವುದು ಆ ಹೊತ್ತಿನ ಯೋಗ್ಯ ದಾರಿಯಾಗಿತ್ತು. ಅದಕ್ಕೆ ಬೇಕಿದ್ದದ್ದು ಒಂದು ಗಂಟೆಯ ತಾಳ್ಮೆ.

ಕೌಂಟರಿನ ಮುಂದೆ ಜನ ನಿಂತಿರುವಾಗ ಈ ಪಾಠವೆಲ್ಲ ಯಾರಿಗೆ ಬೇಕು, ಆಫ್ ಆನ್ ಮಾಡಿದರೆ ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಸರಿಹೋಗುವುದುಂಟು. ಸ್ಪೂಲರಿನ ಫೋಲ್ಡರಿನಲ್ಲಿ ಪ್ರತಿ ಕೆಲಸಕ್ಕೆ ಎರಡು ಫೈಲ್ ಕೂರುತ್ತವೆ, ಒಂದರಲ್ಲಿ ಪುಟ, ಇನ್ನೊಂದರಲ್ಲಿ ಅದು ಯಾರದು, ಎಲ್ಲಿಗೆ ಎಂಬ ವಿವರ. ಮುಂದಿನದೊಂದು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಆಗಲೂ ಸ್ಪೂಲರ್ ಸೇವೆಯನ್ನು ನಿಲ್ಲಿಸಿ, ಆ ಫೋಲ್ಡರ್ ಖಾಲಿ ಮಾಡಿ ಮತ್ತೆ ಶುರುಮಾಡುವುದು ನೇರ ಪರಿಹಾರ. ಬರೀ ಆಫ್ ಆನ್ ಮಾಡಿದರೆ ಎಷ್ಟೋ ಸಲ ಆ ಕೆಟ್ಟ ಫೈಲ್ ಅಲ್ಲೇ ಉಳಿದಿರುತ್ತದೆ. ಅವಸರದಲ್ಲಿ ಹಿಡಿಯುವ ಅಡ್ಡದಾರಿಗೂ ಬೆಲೆಯಿದೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಪ್ರಿಂಟರ್ ಇರುವ ಸಿಸ್ಟಂಗೆ ಒಯ್ದಾಗ, ಅಲ್ಲಿ ನುಡಿ ಫಾಂಟ್ ಇಲ್ಲದಿದ್ದರೆ ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಕನ್ನಡ ಪತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಆಗ ಜನ ಕನ್ನಡ ತಂತ್ರಾಂಶವನ್ನು ಬೈಯುತ್ತಾರೆ. ಶೇರಿಂಗ್ ಸರಿಯಿದ್ದಿದ್ದರೆ ಪುಟ ಬರೆದವರ ಕಂಪ್ಯೂಟರಿನಲ್ಲೇ ರೂಪುಗೊಂಡು ಬರುತ್ತಿತ್ತು, ಆ ಫಾಂಟಿನ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಆಕ್ಷೇಪವಿದೆ: ತಪ್ಪು ತಯಾರಕರದು, ಬಳಸುವವರ ಮೇಲೆ ಹೊರೆ ಹಾಕುವುದೇಕೆ? ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಕಾರಣ ಹೇಳದೆ ಒಂದು ಪದ ತೋರಿಸಿ ಸುಮ್ಮನಾಗುವುದು ಅನ್ಯಾಯ. ಪ್ರಿಂಟರ್ ತನ್ನಲ್ಲಿ ಏನಾಗಿದೆಯೆಂದು ಕಾದಿರುವವರಿಗೆ ಹೇಳಬೇಕೆಂಬುದು ಹಳೆಯ ಬೇಡಿಕೆ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡರೆ ಕಾದಿರುವವರ ಪರದೆಗೆ ಸುದ್ದಿ ಹೋಗುವಂತೆ ಹಳೆಯ ಪ್ರಿಂಟರಿನ ಪ್ರೋಗ್ರಾಂ ತಿದ್ದಿದ್ದರು. ಹೊಸದಾಗಿ ಬಂದ ಜೆರಾಕ್ಸ್ ಪ್ರಿಂಟರಿಗೂ ಅದನ್ನೇ ಮಾಡಹೊರಟರೆ ಅದರ ಮೂಲ ಸಂಕೇತ ಸಿಗಲಿಲ್ಲ. ಮುಂದೆ ಅವರು ಕಟ್ಟಿದ ಮುಕ್ತ ತಂತ್ರಾಂಶ ಚಳವಳಿಗೆ ಆ ಅನುಭವವೂ ಒಂದು ಪ್ರೇರಣೆ. ಆದರೆ ತಯಾರಕರು ಬದಲಾಗುವವರೆಗೆ ಬಳಸುವವರು ಗಮನಿಸುವುದನ್ನು ಬಿಡಬೇಕೆಂದಿಲ್ಲ. 2009ರಲ್ಲಿ ಉಬುಂಟು ಬಳಸುವ ಒಂದು ಮನೆಯಿಂದ ವಿಚಿತ್ರ ದೂರು ಬಂತು: ಓಪನ್‌ಆಫೀಸ್‌ನಿಂದ ಮಂಗಳವಾರ ಪ್ರಿಂಟ್ ಬರುವುದಿಲ್ಲ. ಆ ಮನೆಯ ಹೆಂಗಸು ಗಮನಿಸಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಫೈಲಿನ ಬಗೆ ಗುರುತಿಸುವ ಒಂದು ಪುಟ್ಟ ಪ್ರೋಗ್ರಾಂ, ತಾರೀಖಿನ ಸಾಲಿನಲ್ಲಿ ಮಂಗಳವಾರದ ಇಂಗ್ಲಿಷ್ ಮೂರಕ್ಷರ ಕಂಡರೆ ಪ್ರಿಂಟಿನ ಫೈಲನ್ನು ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲೆಂದು ತಪ್ಪು ತಿಳಿಯುತ್ತಿತ್ತು. ಡ್ರೈವರ್ ಹೊಸದಾಗಿ ಹಾಕಿ ಬುಧವಾರ ಪ್ರಿಂಟ್ ತೆಗೆದಿದ್ದರೆ ಡ್ರೈವರಿನಿಂದಲೇ ಸರಿಹೋಯಿತೆಂದು ಯಾರಾದರೂ ಆಣೆ ಮಾಡಿ ಹೇಳುತ್ತಿದ್ದರು. ವಾರ ಯಾವುದೆಂದು ನೋಡಿದ್ದರಿಂದ ದೋಷ ಸಿಕ್ಕಿತು.

ನಮ್ಮ ಪ್ರಿಂಟರ್‌ಗಳ ಪಕ್ಕದಲ್ಲಿ ಇಲ್ಲದಿರುವುದು ಇಂಥ ಗಮನಕ್ಕೊಂದು ಜಾಗ. ಪ್ರಿಂಟರಿನ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸ, ಯಾವ ಸಿಸ್ಟಂನಿಂದ ಶೇರ್ ಆಗಿದೆ ಎಂಬುದು. ಪಕ್ಕದಲ್ಲಿ ದಾರ ಕಟ್ಟಿ ನೇತುಹಾಕಿದ ಇಪ್ಪತ್ತು ಪುಟದ ಪುಸ್ತಕದಲ್ಲಿ ತಾರೀಖು, ಯಾರಿಗೆ ಬರಲಿಲ್ಲ, ಯಾರಿಗೆ ಬಂತು, ಅದಕ್ಕೂ ಮುಂಚೆ ಏನು ಬದಲಾಗಿತ್ತು, ಏನು ಮಾಡಿದ ಮೇಲೆ ಬಂತು. ಟೋನರ್ ಬದಲಿಸಿದ ದಿನವನ್ನು ಹೇಗೂ ಡಬ್ಬಿಯ ಮೇಲೆ ಪೆನ್ನಿನಲ್ಲಿ ಗೀಚುವ ಕಚೇರಿಗಳಿವೆ. ಅದೇ ಪೆನ್ನಿನಲ್ಲಿ ಇನ್ನೆರಡು ಸಾಲು.