ಅಲ್ಪವ್ಯಯದ ಭಯಾನಕ

ಅಮೆರಿಕದ ಅಲ್ಪವ್ಯಯದ ಭಯಾನಕ ಚಿತ್ರಗಳನ್ನು ಕುರಿತು ಬರೆದವರಲ್ಲಿ ಹಲವರು ಒಂದು ಮಾತನ್ನು ಸಿದ್ಧಾಂತವೆಂಬಂತೆ ಹೇಳುತ್ತ ಬಂದಿದ್ದಾರೆ: ಹಣವಿಲ್ಲದ ನಿರ್ದೇಶಕನು ಭೂತವನ್ನು ತೋರಿಸಲಾರದೆ ಮರೆಯಲ್ಲಿರಿಸಿದನು; ಮರೆಯಲ್ಲಿದ್ದುದೇ ಹೆಚ್ಚು ಹೆದರಿಸಿತು; ಆದುದರಿಂದ ದಾರಿದ್ರ್ಯವೇ ಈ ಪರಂಪರೆಯ ಗುರು. ವಾಚ್ಯಕ್ಕಿಂತ ವ್ಯಂಗ್ಯವು, ಎಂದರೆ ಹೇಳಿದ್ದಕ್ಕಿಂತ ಸೂಚಿಸಿದ್ದು, ಮೇಲೆಂಬುದನ್ನು ಆನಂದವರ್ಧನನ ಕಾಲದಿಂದಲೂ ಒಪ್ಪಿಕೊಂಡು ಬಂದ ನಮಗೆ ಈ ವಾದವು ಸುಲಭವಾಗಿಯೇ ರುಚಿಸುತ್ತದೆ. ಆದರೆ ಈ ಸಂಪ್ರದಾಯದ ಮುಖ್ಯ ಕೃತಿಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಿದಾಗ ಇದು ಅರ್ಧಸತ್ಯವೆಂದು ತೋರದಿರದು.

ಆ ಅರ್ಧದಲ್ಲಿರುವ ಸತ್ಯವನ್ನು ಮೊದಲು ಗೌರವಿಸೋಣ. 1942ರಲ್ಲಿ ಆರ್‌ಕೆಒ ಸಂಸ್ಥೆಯು ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ ಭಯಾನಕ ಚಿತ್ರಗಳ ವಿಭಾಗವನ್ನು ವಹಿಸಿಕೊಟ್ಟಾಗ ವಿಧಿಸಿದ ಕಟ್ಟಳೆಗಳು ಮೂರು: ವೆಚ್ಚವು 1,50,000 ಡಾಲರನ್ನು ಮೀರಕೂಡದು, ಅವಧಿಯು 75 ನಿಮಿಷಗಳನ್ನು ಮೀರಕೂಡದು, ಶೀರ್ಷಿಕೆಯನ್ನು ಸಂಸ್ಥೆಯೇ ಕೊಡುವುದು. ಹೀಗೆ ಹುಟ್ಟಿದ ಮೊದಲ ಚಿತ್ರ, ಜಾಕ್ ಟೂರ್ನರ್ ನಿರ್ದೇಶಿಸಿದ ‘ಕ್ಯಾಟ್ ಪೀಪಲ್’. ಅದರಲ್ಲಿ ಆಲಿಸ್ ಎಂಬವಳು ಇರುಳಿನಲ್ಲಿ ಉದ್ಯಾನದ ಕಲ್ಲುಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆದುಹೋಗುತ್ತಾಳೆ. ಕೋಪ ಬಂದರೆ ಚಿರತೆಯಾಗುವೆನೆಂದು ಅಂಜುವ ಐರೀನಾ ಅವಳನ್ನು ಹಿಂಬಾಲಿಸುತ್ತಾಳೆ. ದೀಪದ ಬೆಳಕಿನ ಒಂದು ವೃತ್ತದಿಂದ ಇನ್ನೊಂದಕ್ಕೆ ಎರಡು ಜೋಡಿ ಹೆಜ್ಜೆಗಳ ಸದ್ದು ಸಾಗುತ್ತಿರಲು, ಹಿಂದಿನ ಸದ್ದು ಥಟ್ಟನೆ ನಿಂತುಬಿಡುತ್ತದೆ. ಆಲಿಸ್ ಹಿಂದಿರುಗಿ ನೋಡುತ್ತಾಳೆ, ಯಾರೂ ಇಲ್ಲ. ಅವಳ ನಡಿಗೆ ಓಟವಾಗುತ್ತದೆ. ಮೃಗವೊಂದು ಬುಸುಗುಟ್ಟಿದಂತೆ ಕೇಳಿಸುವಷ್ಟರಲ್ಲಿ, ತೆರೆಯೊಳಕ್ಕೆ ನುಗ್ಗಿ ಬಂದು ನಿಲ್ಲುವುದು ಊರಿನ ಒಂದು ಬಸ್ಸು! ಚಿರತೆ ಕಾಣಲೇ ಇಲ್ಲ. ಆದರೆ ಇದ್ದಿತೆಂಬುದನ್ನು ಪ್ರೇಕ್ಷಕನು ಆಣೆಯಿಟ್ಟು ಹೇಳಬಲ್ಲನು. ಧ್ವನಿಕಾರನಾದ ಆ ಆನಂದವರ್ಧನನು ಚಲನಚಿತ್ರವನ್ನು ನೋಡಿದ್ದರೆ ಉದಾಹರಿಸಬಹುದಾಗಿದ್ದ ಸಂದರ್ಭವಿದು.

ಆದರೆ ಈ ಸೂತ್ರವನ್ನು ಹಿಡಿದು 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದ ಬಳಿಗೆ ಬಂದರೆ ಅದು ಅಲ್ಲಿಯೇ ಮುರಿದು ಬೀಳುತ್ತದೆ. ಪಿಟ್ಸ್‌ಬರ್ಗ್ ನಗರದಲ್ಲಿ ಜಾಹೀರಾತು ಚಿತ್ರಗಳನ್ನು ತೆಗೆದು ಜೀವಿಸುತ್ತಿದ್ದ ಜಾರ್ಜ್ ರೊಮೆರೊ ಮತ್ತು ಅವನ ಸಂಗಡಿಗರು ತಲಾ 600 ಡಾಲರ್ ಹಾಕಿ ಆರಂಭಿಸಿದ ಈ ಚಿತ್ರಕ್ಕೆ ಕೊನೆಗೆ ತಗುಲಿದ್ದು ಸುಮಾರು 1,14,000 ಡಾಲರ್. ಲ್ಯೂಟನ್ನನ ಮಿತಿಗಿಂತ ಕಡಿಮೆ, ಅದೂ ಕಾಲು ಶತಮಾನದ ಅನಂತರ. ಸಿದ್ಧಾಂತವು ನಿಜವಾಗಿದ್ದರೆ ಇಲ್ಲಿ ಎಲ್ಲವೂ ಮರೆಯಲ್ಲಿರಬೇಕಾಗಿದ್ದಿತು. ಇರುವುದಾದರೋ ತದ್ವಿರುದ್ಧ. ಸತ್ತವರು ಎದ್ದುಬಂದು ಮಾಂಸವನ್ನು ಹರಿದು ತಿನ್ನುವುದನ್ನೂ, ಮಗಳು ತಾಯಿಯನ್ನು ಕೊಲ್ಲುವುದನ್ನೂ ರೊಮೆರೊ ಕಣ್ಣೆದುರಿಗೇ ತೋರಿಸುತ್ತಾನೆ. ರಕ್ತಕ್ಕೆ ಚಾಕೊಲೇಟಿನ ಪಾಕವೇ ಸಾಕಾಯಿತು, ಏಕೆಂದರೆ ಚಿತ್ರವು ಕಪ್ಪು-ಬಿಳುಪು. ಲ್ಯೂಟನ್ನನದು ಭಯವೇ ಸ್ಥಾಯಿಯಾದ ಭಯಾನಕವಾದರೆ, ರೊಮೆರೊನದು ಜುಗುಪ್ಸೆಯನ್ನು ಹೊತ್ತ ಬೀಭತ್ಸ. ಬಡತನವೊಂದೇ ಆದರೂ ಅದರಿಂದ ಎರಡು ವಿರುದ್ಧ ರೀತಿಗಳು ಹೊರಟಿರುವಾಗ, ರೀತಿಗೆ ಬಡತನವೇ ಕಾರಣವೆನ್ನುವುದು ತರ್ಕಕ್ಕೆ ನಿಲ್ಲದು.

ಹಾಗಾದರೆ ಇವರಿಬ್ಬರನ್ನು ಒಂದೇ ಪರಂಪರೆಗೆ ಸೇರಿಸುವುದಾವುದು? ಚಿತ್ರಗಳ ಕೊನೆಯನ್ನು ನೋಡಬೇಕು. ಲ್ಯೂಟನ್ ನಿರ್ಮಿಸಿ ಮಾರ್ಕ್ ರಾಬ್ಸನ್ ನಿರ್ದೇಶಿಸಿದ ‘ದಿ ಸೆವೆಂತ್ ವಿಕ್ಟಿಮ್’ (1943) ಮುಗಿಯುವುದು ಆತ್ಮಹತ್ಯೆಯಲ್ಲಿ: ಮರಣೋನ್ಮುಖಳಾದ ನೆರೆಯವಳೊಬ್ಬಳು ಸಿಂಗರಿಸಿಕೊಂಡು ಹೊರಗೆ ಹೊರಟಿರುವಾಗ, ಮುಚ್ಚಿದ ಬಾಗಿಲಿನಾಚೆ ಕುರ್ಚಿಯುರುಳಿದ ಸದ್ದು ಕೇಳಿಸುತ್ತದೆ; ಅಷ್ಟೇ. ಹಾಲಿವುಡ್ ಚಿತ್ರಗಳ ನೀತಿಸಂಹಿತೆಯು ಕಟ್ಟುನಿಟ್ಟಾಗಿದ್ದ ಆ ದಿನಗಳಲ್ಲಿ, ದೊಡ್ಡ ತಾರೆಯರ ದೊಡ್ಡ ಚಿತ್ರಕ್ಕೆ ಇಂತಹ ಸಮಾಪ್ತಿ ದಕ್ಕುವುದು ಸುಲಭವಿರಲಿಲ್ಲ. ರೊಮೆರೊನ ಚಿತ್ರದಲ್ಲಿ ಇರುಳೆಲ್ಲ ಹೋರಾಡಿ ಉಳಿದ ಕರಿಯ ನಾಯಕ ಬೆನ್‌ನನ್ನು (ಈ ಪಾತ್ರವನ್ನು ವಹಿಸಿದವನು ಡ್ವೇನ್ ಜೋನ್ಸ್) ಬೆಳಗಿನಲ್ಲಿ ರಕ್ಷಿಸಲು ಬಂದವರೇ ಪಿಶಾಚಿಯೆಂದು ಬಗೆದು ಗುಂಡಿಕ್ಕುತ್ತಾರೆ. ಆಮೇಲೆ ಪತ್ರಿಕೆಯ ಛಾಯಾಚಿತ್ರಗಳಂತಹ ಒರಟು ಸ್ಥಿರಚಿತ್ರಗಳಲ್ಲಿ, ಮಾಂಸದ ಕೊಕ್ಕೆಗಳಿಂದ ಅವನ ಶವವನ್ನು ಎಳೆದು ಚಿತೆಗೆ ಹಾಕುವುದು ಕಾಣುತ್ತದೆ. ಮಾರ್ಟಿನ್ ಲೂಥರ್ ಕಿಂಗರ ಹತ್ಯೆಯಾದ ವರ್ಷದಲ್ಲಿಯೇ ಬಿಡುಗಡೆಯಾದ ಈ ಚಿತ್ರದ ಅಂತ್ಯವನ್ನು ಬದಲಿಸಬೇಕೆಂದು ವಿತರಕರು ಕೇಳಿದರೂ ಆ ತಂಡವು ಒಪ್ಪಲಿಲ್ಲ. ಲ್ಯೂಟನ್ ಲೆಕ್ಕವನ್ನೂ ಶೀರ್ಷಿಕೆಯನ್ನೂ ಕಾಪಾಡಿದರೆ ಸಾಕು, ಕಥೆಯ ಒಳಗಿಗೆ ಮೇಲಿನವರು ಅಷ್ಟಾಗಿ ಕೈಹಾಕುತ್ತಿರಲಿಲ್ಲ. ರೊಮೆರೊನಿಗೆ ಮೇಲಿನವರೇ ಇರಲಿಲ್ಲ. ಅಲ್ಪಧನವು ಇವರಿಗೆ ಕೊಟ್ಟ ವರ ಪ್ರೇಕ್ಷಕನನ್ನು ಸಮಾಧಾನಪಡಿಸಿ ಕಳುಹಿಸಬೇಕೆಂಬ ಹಂಗಿನಿಂದ ಬಿಡುಗಡೆ.

ಈ ಬಿಡುಗಡೆಯನ್ನು ಪಡೆದವರೆಲ್ಲರೂ ಅದಕ್ಕೆ ಯೋಗ್ಯರಾಗಿದ್ದರೆಂದಲ್ಲ. ಈ ಪರಂಪರೆಯ ಬಹುಭಾಗವು ಜಳ್ಳು. ಉತ್ತಮ ಕೃತಿಗಳಲ್ಲಿಯೂ ದೋಷಗಳು ಎದ್ದು ಕಾಣುತ್ತವೆ. ಕ್ಯಾನ್ಸಸ್ಸಿನಲ್ಲಿ ಶೈಕ್ಷಣಿಕ ಹಾಗೂ ಔದ್ಯೋಗಿಕ ಚಿತ್ರಗಳನ್ನು ತೆಗೆಯುತ್ತಿದ್ದ ಹರ್ಕ್ ಹಾರ್ವೆ, ಯೂಟಾದ ಲವಣಸರೋವರದ ದಂಡೆಯಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ವಿಹಾರಮಂಟಪವನ್ನು ಕಂಡು ಮರುಳಾಗಿ ತೆಗೆದ ‘ಕಾರ್ನಿವಲ್ ಆಫ್ ಸೋಲ್ಸ್’ (1962) ಚಿತ್ರದಲ್ಲಿ ಆ ಮಂಟಪದ ದೃಶ್ಯಗಳು ಎಷ್ಟು ಅಪೂರ್ವವೋ, ಕೆಲವು ಸಂಭಾಷಣೆಗಳು ಅಷ್ಟೇ ಬಿಗುವು.

ಹಣ ಬಂದೊಡನೆ ಹಂಗೂ ಬರುವುದೆಂಬುದಕ್ಕೆ ಸಾಕ್ಷಿ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’. ನಟರ ಕೈಗೇ ಕ್ಯಾಮೆರಾ ಕೊಟ್ಟು ಮೇರಿಲೆಂಡಿನ ಕಾಡಿನಲ್ಲಿ ತೆಗೆದ, ಮಾಟಗಾತಿಯನ್ನು ಒಮ್ಮೆಯೂ ತೋರದ ಆ ಚಿತ್ರವು ಜಗತ್ತಿನಾದ್ಯಂತ 20 ಕೋಟಿ ಡಾಲರಿಗೂ ಮಿಗಿಲಾಗಿ ಗಳಿಸಿತು. ಮರುವರ್ಷವೇ ಬಂದ ಉತ್ತರಭಾಗಕ್ಕೆ ವೆಚ್ಚವಾಗಿ ಸುಮಾರು 1.5 ಕೋಟಿ ಡಾಲರ್ ದೊರೆತರೂ, ನಿರ್ದೇಶಕ ಜೋ ಬರ್ಲಿಂಜರನ ಸಂಕಲನವನ್ನು ಚಿತ್ರಸಂಸ್ಥೆಯು ತಿದ್ದಿ ನೆತ್ತರಿನ ದೃಶ್ಯಗಳನ್ನು ಸೇರಿಸಿತು. ಅದನ್ನು ಇಂದು ನೆನೆಯುವವರು ವಿರಳ. ಮೊದಲ ಚಿತ್ರದ ರೀತಿ ಮಾತ್ರ ದೇಶಾಂತರಗಳಲ್ಲಿ ಹಬ್ಬಿ, ಚಾರಣಕ್ಕೆ ಹೋದವರೇ ಚಿತ್ರಿಸಿದ್ದೆಂಬ ನೆಪದಲ್ಲಿ ಕಥೆಯನ್ನು ಹೇಳುವ ‘6-5=2’ ಎಂಬ ಕನ್ನಡ ಚಿತ್ರದ ಮೂಲಕ 2013ರಲ್ಲಿ ನಮ್ಮಲ್ಲಿಗೂ ಬಂದಿತು. ಅಲುಗುವ ಕ್ಯಾಮೆರಾ, ಕತ್ತಲೆಯ ಕಾಡು, ಹೊಸ ಮುಖಗಳು ಇವೆಲ್ಲ ಅನುಕರಣಸಾಧ್ಯ, ಆ ಬಿಡುಗಡೆಯಲ್ಲ. ಇಂತಹ ಚಿತ್ರಗಳನ್ನು ಅರಸಿಕೊಂಡು ಹೋಗುವ ರಸಿಕನು, ಎಷ್ಟು ಕಡಿಮೆ ಹಣದಲ್ಲಿ ತೆಗೆದರೆಂದು ಬೆರಗಾಗುವುದನ್ನು ಬಿಟ್ಟು, ಹಣದವನು ಕೇಳಿದ್ದರೆ ಬೇಡವೆನ್ನುತ್ತಿದ್ದ ಯಾವ ಮಾತನ್ನು ಇದು ಆಡಿದೆಯೆಂದು ವಿಚಾರಿಸಬೇಕು. ಅಂತಹ ಮಾತೊಂದೂ ಇಲ್ಲದ ಚಿತ್ರವು ಎಷ್ಟು ಅಗ್ಗದ್ದಾದರೂ ಸ್ವತಂತ್ರವಲ್ಲ.