ಗ್ರೀಕರ ಕ್ರೀಡೋತ್ಸವವೂ ಆಧುನಿಕ ಒಲಿಂಪಿಕ್ಸೂ: ಒಂದು ಹೋಲಿಕೆಯ ಪರಾಮರ್ಶೆ

ಪ್ರಾಚೀನ ಗ್ರೀಕರ ಕ್ರೀಡೋತ್ಸವಗಳನ್ನು ಆಧುನಿಕ ಅಂತರರಾಷ್ಟ್ರೀಯ ಸ್ಪರ್ಧೆಗಳೊಡನೆ ಹೋಲಿಸಿ ಬರೆಯುವವರಲ್ಲಿ ಒಂದು ಮಾತು ರೂಢಿಯಾಗಿ ಬಂದಿದೆ. ಗ್ರೀಕನು ಕಾಡು ಆಲಿವ್ ಮರದ ಎಲೆಗಳ ಕಿರೀಟಕ್ಕಾಗಿ ಮಾತ್ರ ಸ್ಪರ್ಧಿಸಿದನು, ಇಂದಿನವನು ಹಣಕ್ಕಾಗಿ ಸ್ಪರ್ಧಿಸುತ್ತಾನೆ, ಆದುದರಿಂದ ಅಂದಿನದು ಉನ್ನತಿ, ಇಂದಿನದು ಅವನತಿ ಎಂಬುದೇ ಆ ಮಾತು. ಕಿವಿಗೆ ಹಿತವಾದ ಈ ತೀರ್ಮಾನ ಆಧಾರಗಳ ಮುಂದೆ ಎಷ್ಟರ ಮಟ್ಟಿಗೆ ನಿಲ್ಲಬಲ್ಲುದೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಅಭಿಪ್ರಾಯಕ್ಕೆ ಪ್ರಾಚೀನ ಮೂಲವೊಂದುಂಟು. ಕ್ರಿ.ಪೂ. 480ರಲ್ಲಿ ಪಾರಸೀಕರ ದೊರೆ ಕ್ಸರ್ಕ್ಸೀಸನು ಗ್ರೀಸಿನ ಮೇಲೆ ದಂಡೆತ್ತಿ ಬಂದಾಗಲೂ ಗ್ರೀಕರು ಒಲಿಂಪಿಯದಲ್ಲಿ ಉತ್ಸವ ನಡೆಸುತ್ತಿದ್ದರು. ಅಲ್ಲಿಯ ಬಹುಮಾನ ಬರಿಯ ಎಲೆಯ ಕಿರೀಟವೆಂದು ಕೇಳಿದ ಪಾರಸೀಕ ಪ್ರಮುಖನೊಬ್ಬನು, ಧನಕ್ಕಲ್ಲದೆ ಮಾನಕ್ಕಾಗಿ ಸೆಣಸುವ ಇಂಥವರ ಮೇಲೆ ಯುದ್ಧಕ್ಕೆ ಬಂದೆವಲ್ಲಾ ಎಂದು ಮರುಗಿದನೆಂದು ಹೆರೊಡೋಟಸನು ಹೇಳುತ್ತಾನೆ. ಕಥೆ ಸೊಗಸಾಗಿದೆ. ಆದರೆ ಇದು ಗ್ರೀಕನೊಬ್ಬನು ಗ್ರೀಕರು ಕೇಳಲೆಂದು ಶತ್ರುವಿನ ಬಾಯಲ್ಲಿಟ್ಟ ಪ್ರಶಂಸೆಯೆಂಬುದನ್ನು ಮರೆಯಲಾಗದು. ಅದು ಗ್ರೀಕರು ತಮ್ಮನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಸಾಕ್ಷಿ. ಹೇಗೆ ನಡೆದುಕೊಂಡರೆಂಬುದಕ್ಕೆ ಬೇರೆ ಸಾಕ್ಷಿಗಳನ್ನು ಹುಡುಕಬೇಕಾಗುತ್ತದೆ.

ಆಧುನಿಕ ಕಾಲದಲ್ಲಿ ಈ ಅಭಿಪ್ರಾಯಕ್ಕೆ ಪಾಂಡಿತ್ಯದ ಬೆಂಬಲವಿತ್ತವರಲ್ಲಿ ಇಂಗ್ಲೆಂಡಿನ ಇ. ನಾರ್ಮನ್ ಗಾರ್ಡಿನರ್ ಅವರು ಪ್ರಮುಖರು. 1910ರಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥವು ಕ್ರಿ.ಪೂ. 500ರಿಂದ 440ರ ವರೆಗಿನ ಕಾಲವನ್ನು ಆದರ್ಶಯುಗವೆಂದೂ, ಅಲ್ಲಿಂದ ಮುಂದಿನದನ್ನು ವೃತ್ತಿಗಾರರ ಕಾಲವೆಂದೂ ವಿಭಾಗಿಸುತ್ತದೆ. ಓಟ, ಚಕ್ರ ಎಸೆತ, ಮಲ್ಲಯುದ್ಧ ಮೊದಲಾದವುಗಳ ವಿಧಾನವನ್ನು ಚಿತ್ರ ಶಿಲ್ಪಗಳಿಂದ ನಿರ್ಣಯಿಸುವುದರಲ್ಲಿ ಅವರು ಪಟ್ಟ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ನಮ್ಮ ಆಕ್ಷೇಪ ಅವರ ಕಾಲವಿಭಾಗಕ್ಕೆ ಮಾತ್ರ ಸಂಬಂಧಿಸಿದ್ದು.

ಆಧಾರಗಳನ್ನು ಕ್ರಮವಾಗಿ ನೋಡೋಣ. ಗ್ರೀಕ್ ಭಾಷೆಯಲ್ಲಿ ಕ್ರೀಡಾಪಟುವನ್ನು ಸೂಚಿಸುವ ಪದವೇ ‘ಬಹುಮಾನ’ ಎಂಬ ಅರ್ಥದ ಪದದೊಡನೆ ಕೂಡಿ ಬಂದುದು. ಇಲಿಯಡ್ ಮಹಾಕಾವ್ಯದ 23ನೆಯ ಸರ್ಗದಲ್ಲಿ ರಥಸ್ಪರ್ಧೆಗೆ ಐದು ಬಹುಮಾನಗಳಿವೆ. ಸ್ಪರ್ಧಿಸದ ವೃದ್ಧ ನೆಸ್ಟರನಿಗೂ ಒಂದು ಸಲ್ಲುತ್ತದೆ. ಒಲಿಂಪಿಯದಲ್ಲಿ ಎಲೆಯ ಕಿರೀಟವೊಂದೇ ಇದ್ದುದು ನಿಜ. ಆದರೆ ಗೆದ್ದವನ ಲಾಭ ಊರಿಗೆ ಮರಳಿದ ಮೇಲೆ ಕೈಸೇರುತ್ತಿತ್ತು. ಒಲಿಂಪಿಯದಲ್ಲಿ ಗೆದ್ದ ಅಥೆನ್ಸಿನವನಿಗೆ ಸೋಲನ್ 500 ದ್ರಾಕ್ಮಗಳನ್ನು ಗೊತ್ತುಪಡಿಸಿದನೆಂದು ಪ್ಲೂಟಾರ್ಕ್ ಹೇಳುತ್ತಾನೆ. ಅದೇ ಪ್ರಸಂಗದಲ್ಲಿ ಕುರಿಯೊಂದರ ಬೆಲೆ ಒಂದು ದ್ರಾಕ್ಮವೆಂದೂ ತಿಳಿಸುತ್ತಾನೆ. ಪ್ಲೂಟಾರ್ಕ್ ಸೋಲನ್ನನಿಗಿಂತ ಆರು ಶತಮಾನಗಳಿಗೂ ಈಚಿನವನಾದುದರಿಂದ ಆತನ ಮಾತೊಂದನ್ನೇ ನೆಚ್ಚಬೇಕಾಗಿಲ್ಲ. ಪಿಂಡಾರ್ ಕವಿಗಿಂತ ಹಿರಿಯನಾದ ಕ್ಸೆನೊಫನೀಸನು, ಗೆದ್ದವನಿಗೆ ಸಭೆಯಲ್ಲಿ ಮುಂದಿನ ಆಸನ, ಊರ ವೆಚ್ಚದಲ್ಲಿ ಊಟ, ಕಾಣಿಕೆ ಇವೆಲ್ಲ ಸಲ್ಲುವುದನ್ನು ಆಗಲೇ ಆಕ್ಷೇಪಿಸಿದ್ದಾನೆ. ಕ್ರಾಟನ್ ಪಟ್ಟಣದ ಓಟಗಾರ ಆಸ್ಟಿಲಸನು ಸಿರಾಕ್ಯೂಸಿನ ಹಿಯೆರೋನನನ್ನು ಮೆಚ್ಚಿಸಲು ತಾನು ಆ ಊರಿನವನೆಂದು ಸಾರಿಸಿದನು. ಕೆರಳಿದ ಕ್ರಾಟನ್ನಿನ ಜನ ಆತನ ಮನೆಯನ್ನು ಸೆರೆಮನೆಯನ್ನಾಗಿ ಮಾಡಿ ಆತನ ವಿಗ್ರಹವನ್ನು ಕೆಡವಿದರೆಂದು ಪೌಸೇನಿಯಸ್ ಬರೆದಿದ್ದಾನೆ. ಆಸ್ಟಿಲಸನು ಗೆದ್ದುದು ಕ್ರಿ.ಪೂ. 480ರ ಆಸುಪಾಸಿನಲ್ಲಿ; ಎಂದರೆ ಗಾರ್ಡಿನರ್ ಅವರ ಆದರ್ಶಯುಗದ ನಡುವೆ.

ಆ ಯುಗದ ಕೀರ್ತಿಗೆ ಮುಖ್ಯ ಕಾರಣನಾದ ಪಿಂಡಾರನ ಸಾಕ್ಷ್ಯವೂ ಭಿನ್ನವಾಗಿಲ್ಲ. ಆತನ ವಿಜಯಗೀತೆಗಳಲ್ಲಿ ಸುಮಾರು 45 ಉಳಿದಿವೆ. ಅವು ಶ್ರೀಮಂತರು ಪ್ರತಿಫಲ ಕೊಟ್ಟು ಬರೆಯಿಸಿದ ಗೀತೆಗಳು. ಹಿಂದೆ ಕಾವ್ಯದೇವಿ ಲಾಭವನ್ನು ಬಯಸುತ್ತಿರಲಿಲ್ಲ, ಕೂಲಿಗೆ ದುಡಿಯುತ್ತಿರಲಿಲ್ಲವೆಂದು ಒಂದು ಗೀತೆಯ ಆರಂಭದಲ್ಲಿ ಆತನೇ ಒಪ್ಪಿಕೊಳ್ಳುತ್ತಾನೆ. ಕ್ರಿ.ಪೂ. 476ರಲ್ಲಿ ಹಿಯೆರೋನನ ಕುದುರೆ ಒಲಿಂಪಿಯದಲ್ಲಿ ಗೆದ್ದಾಗ ಆತನು ರಚಿಸಿದ ಗೀತೆಯಲ್ಲಿ ಒಡೆಯನ ಹೆಸರಿದೆ, ಕುದುರೆಯ ಹೆಸರಿದೆ, ಸವಾರನ ಹೆಸರಿಲ್ಲ. ಇದರಿಂದ ಗೀತೆಯ ಸೌಂದರ್ಯಕ್ಕೆ ಕುಂದಿಲ್ಲ. ಆದರೆ ಇದನ್ನು ನಿಃಸ್ಪೃಹತೆಗೆ ಪ್ರಮಾಣವೆಂದು ಓದುವುದು ಉಚಿತವಾಗದು.

ಹಾಗಾದರೆ ಹವ್ಯಾಸಿಯೇ ಶುದ್ಧ, ವೃತ್ತಿಗಾರನು ಅಶುದ್ಧ ಎಂಬ ಭೇದ ಎಲ್ಲಿಂದ ಬಂದಿತು? 19ನೆಯ ಶತಮಾನದ ಇಂಗ್ಲೆಂಡಿನಿಂದ ಎಂದು ಹೇಳಬೇಕಾಗಿದೆ. ಅಲ್ಲಿಯ ಹೆನ್ಲಿ ದೋಣಿಸ್ಪರ್ಧೆಯ 1879ರ ನಿಯಮ ಕೈಕೆಲಸದಿಂದ ಬದುಕುವ ಕಾರ್ಮಿಕನನ್ನು ಹವ್ಯಾಸಿಯೆಂದು ಒಪ್ಪಲಿಲ್ಲ. ವರ್ಗಭೇದಕ್ಕೆ ಗ್ರೀಕರ ಹೆಸರು ಹೊದಿಕೆಯಾಯಿತು. ಡೇವಿಡ್ ಯಂಗ್ ಅವರು 1984ರ ತಮ್ಮ ಗ್ರಂಥದಲ್ಲಿ ಗ್ರೀಕ್ ಹವ್ಯಾಸಿತನವೆಂಬುದು ಆಧುನಿಕರ ಕಲ್ಪನೆಯೆಂದು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ.

ಇದು ಪಂಡಿತರ ಒಣ ಚರ್ಚೆಯೆಂದು ವಿದ್ಯಾರ್ಥಿಗಳು ಭಾವಿಸಬಾರದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಮೂಲನಿವಾಸಿ ಜನಾಂಗಕ್ಕೆ ಸೇರಿದ ಜಿಮ್ ಥಾರ್ಪ್ ಅವರು ಪಂಚಸ್ಪರ್ಧೆ, ದಶಸ್ಪರ್ಧೆಗಳೆರಡರಲ್ಲಿಯೂ ಗೆದ್ದರು. ಅದಕ್ಕೆ ಮುಂಚೆ ಅವರು ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣದಿಂದ 1913ರಲ್ಲಿ ಅವರ ಪದಕಗಳನ್ನು ಹಿಂದಕ್ಕೆ ಪಡೆಯಲಾಯಿತು. ಅವರು 1953ರಲ್ಲಿ ತೀರಿಕೊಂಡರು. 1982ರಲ್ಲಿ ಗೌರವವನ್ನು ಮರಳಿಸುವ ನಿರ್ಧಾರವಾಯಿತಾದರೂ, ಅವರೊಬ್ಬರೇ ವಿಜೇತರೆಂದು ಘೋಷಿತವಾದುದು 2022ರಲ್ಲಿ. ಅವರು ಕ್ರಿ.ಪೂ. 5ನೆಯ ಶತಮಾನದ ಒಲಿಂಪಿಯದಲ್ಲಿ ಗ್ರೀಕರಾಗಿ ಸ್ಪರ್ಧಿಸಿದ್ದರೆ, ಹಿಂದೆ ಬಹುಮಾನದ ಹಣ ಪಡೆದಿದ್ದರೆಂಬ ಕಾರಣಕ್ಕೆ ಯಾರೂ ಅವರ ಕಿರೀಟವನ್ನು ಕೀಳುತ್ತಿರಲಿಲ್ಲ.

ಎರಡೂ ಒಂದೇ ಎಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಭೇದಗಳುಂಟು, ಅವು ಬೇರೆಡೆಯಲ್ಲಿವೆ. ಒಲಿಂಪಿಯದ ಕೂಟ ಸ್ಯೂಸ್ ದೇವತೆಯ ಉತ್ಸವ; ಬಲಿಪೂಜೆ ಅದರ ಕೇಂದ್ರ. ಅಲ್ಲಿ ಎರಡನೆಯ, ಮೂರನೆಯ ಸ್ಥಾನಗಳಿಗೆ ಮನ್ನಣೆಯಿರಲಿಲ್ಲ. ಸೋತವರು ಮರೆಯಲ್ಲಿ ನುಸುಳಿ ಮನೆಗೆ ಮರಳುವುದನ್ನು ಪಿಂಡಾರನು ಕನಿಕರವಿಲ್ಲದೆ ವರ್ಣಿಸುತ್ತಾನೆ. ಓಟದ ಕಾಲವನ್ನು ಅಳೆದಿಡುವ ಸಾಧನ ಅಂದಿಲ್ಲದುದರಿಂದ ಓಟಗಾರನು ಎದುರಿಗಿದ್ದವರನ್ನು ಮಾತ್ರ ಗೆಲ್ಲಬೇಕಾಗಿತ್ತು. ಇಂದಿನವನು ಎಂದೋ ಎಲ್ಲಿಯೋ ಓಡಿದವನ ದಾಖಲೆಯೊಡನೆಯೂ ಸೆಣಸುತ್ತಾನೆ. ಅಂದಿನ ಒಪ್ಪಂದ ಯುದ್ಧವನ್ನು ನಿಲ್ಲಿಸುತ್ತಿರಲಿಲ್ಲ. ಯಾತ್ರಿಕರ ದಾರಿಯನ್ನು ಕಾಯುತ್ತಿತ್ತು. ಯುದ್ಧದ ನಡುವೆಯೂ ಗ್ರೀಕರ ಉತ್ಸವ ನಡೆಯಿತು. 1916, 1940, 1944ರ ಒಲಿಂಪಿಕ್ಸ್ ಯುದ್ಧದಿಂದಾಗಿ ನಡೆಯಲೇ ಇಲ್ಲ.

ಹಳೆಯ ಹೋಲಿಕೆಯ ದೋಷ ಹೋಲಿಸುವ ಕ್ರಮದಲ್ಲಿದೆ. ಒಂದು ಯುಗದ ಸ್ತುತಿಗೀತೆಗಳನ್ನು ಇನ್ನೊಂದು ಯುಗದ ವೃತ್ತಪತ್ರಿಕೆಗಳೊಡನೆ ತೂಗಿದರೆ ಮೊದಲನೆಯದೇ ಭಾರವಾಗುವುದು ಸಹಜ. ಸ್ತುತಿಯನ್ನು ಸ್ತುತಿಯೊಡನೆ, ಲೆಕ್ಕವನ್ನು ಲೆಕ್ಕದೊಡನೆ ಇಟ್ಟು ನೋಡಬೇಕು. ಪಿಂಡಾರನನ್ನು ಪಾಠ ಹೇಳುವ ಅಧ್ಯಾಪಕರು ಅದೇ ವಾರದಲ್ಲಿ ಕ್ಸೆನೊಫನೀಸನನ್ನೂ ಓದಿಸಿದರೆ ಈ ವಿವೇಕ ವಿದ್ಯಾರ್ಥಿಗಳಿಗೆ ತಾನಾಗಿ ಬಂದೀತೆಂದು ನಮ್ಮ ನಂಬಿಕೆ.